ಕ್ಷಮಾವಾಣಿ

ಕ್ಷಮಾವಾಣಿಯು ದಿಗಂಬರ ಜೈನರು ಪರಸ್ಪರ ಕ್ಷಮೆ ಬೇಡುವ ಮತ್ತು ಕ್ಷಮಿಸುವ ವಾರ್ಷಿಕ ಆಚರಣೆಯಾಗಿದೆ. ಭಾದ್ರಪದ ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗೆ ನಡೆಯುವ ದಶಲಕ್ಷಣ ಪರ್ವದ ಬಳಿಕ, ಹುಣ್ಣಿಮೆಯ ಮರುದಿನ ಇದು ಬರುತ್ತದೆ. ಉತ್ತರ ಭಾರತದ ಪಂಚಾಂಗಗಳಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುವುದರಿಂದ ಇದೇ ದಿನವನ್ನು ಆಶ್ವಯುಜ ಕೃಷ್ಣ ಪಾಡ್ಯವೆನ್ನುತ್ತಾರೆ. ಕರ್ನಾಟಕದ ಲೆಕ್ಕದಲ್ಲಿ ಅದು ಭಾದ್ರಪದ ಬಹುಳ ಪಾಡ್ಯ. ಶ್ವೇತಾಂಬರರಲ್ಲಿ ಇದಕ್ಕೆ ಸಮಾನವಾದುದು ಎಂಟು ದಿನಗಳ ಪರ್ಯೂಷಣದ ಕೊನೆಯ ದಿನವಾದ ಸಂವತ್ಸರಿ.

ಆಚರಣೆ

ದಶಲಕ್ಷಣ ಪರ್ವದ ಹತ್ತು ಧರ್ಮಗಳಲ್ಲಿ ಮೊದಲನೆಯದೇ ಉತ್ತಮ ಕ್ಷಮೆ. ವರ್ಷದ ತಪ್ಪುಗಳನ್ನು ನೆನೆದು ಒಪ್ಪಿಕೊಳ್ಳುವ ಪ್ರತಿಕ್ರಮಣದ ನಂತರ ಮನೆಯವರು, ನೆರೆಹೊರೆಯವರು, ವ್ಯವಹಾರದಲ್ಲಿ ಜೊತೆಯಾದವರು ಕೈಮುಗಿದು ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರೆ. ಕಿರಿಯರು ಹಿರಿಯರನ್ನು ಕೇಳುವಂತೆಯೇ ಹಿರಿಯರೂ ಕಿರಿಯರನ್ನು ಕೇಳುವುದುಂಟು. ಶ್ವೇತಾಂಬರರು ಈ ಸಂದರ್ಭದಲ್ಲಿ 'ಮಿಚ್ಛಾಮಿ ದುಕ್ಕಡಂ' ಎನ್ನುತ್ತಾರೆ. ನಾನು ಮಾಡಿದ ಕೆಡುಕು ನಿಷ್ಫಲವಾಗಲಿ ಎಂಬುದು ಈ ಪ್ರಾಕೃತ ನುಡಿಯ ಅರ್ಥ. ಮಾತಿನಿಂದ, ಮನಸ್ಸಿನಿಂದ, ದೇಹದಿಂದ ಆದ ನೋವುಗಳು ಮಾತ್ರವಲ್ಲದೆ ಪ್ರಾಣಿ, ಕೀಟ, ಸಸ್ಯಗಳಿಗೆ ಆದ ಹಿಂಸೆಯೂ ಈ ಬೇಡಿಕೆಯಲ್ಲಿ ಸೇರುತ್ತದೆ.

ಶ್ರವಣಬೆಳಗೊಳ, ಮೂಡುಬಿದಿರೆ, ಕಾರ್ಕಳ, ಹೊಂಬುಜ ಕರ್ನಾಟಕದ ಪ್ರಮುಖ ದಿಗಂಬರ ಕ್ಷೇತ್ರಗಳು. ಚಿಕ್ಕಮಗಳೂರು ಜಿಲ್ಲೆಯಲ್ಲಿ, ಅಜ್ಜಂಪುರ ಮತ್ತು ತರೀಕೆರೆಗಳ ಪಶ್ಚಿಮಕ್ಕಿರುವ ನರಸಿಂಹರಾಜಪುರದ ಸಿಂಹನಗದ್ದೆ ಬಸ್ತಿ ಜ್ವಾಲಾಮಾಲಿನಿಯ ಕ್ಷೇತ್ರವಾಗಿದ್ದು, ಅಲ್ಲಿ ಜೈನ ಮಠವೂ ಇದೆ.

ಕೋಪದ ಅಳತೆ

ಜೈನ ಸಿದ್ಧಾಂತದಲ್ಲಿ ಕ್ರೋಧ, ಮಾನ, ಮಾಯೆ, ಲೋಭಗಳು ಆತ್ಮಕ್ಕೆ ಕರ್ಮವನ್ನು ಅಂಟಿಸುವ ಕಷಾಯಗಳು. ಹತ್ತನೆಯ ಶತಮಾನದಲ್ಲಿ ಚಾವುಂಡರಾಯನ ಸಮಕಾಲೀನನಾಗಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ತನ್ನ 'ಗೊಮ್ಮಟಸಾರ'ದಲ್ಲಿ ಕ್ರೋಧವನ್ನು ನಾಲ್ಕು ಬಗೆಯ ಗೆರೆಗಳಿಗೆ ಹೋಲಿಸುತ್ತಾನೆ: ಕಲ್ಲಿನ ಮೇಲಿನ ಗೆರೆ, ನೆಲದ ಗೆರೆ, ಧೂಳಿನ ಗೆರೆ, ನೀರಿನ ಗೆರೆ. ನೀರಿನ ಗೆರೆ ಎಳೆದೊಡನೆ ಕೂಡಿಕೊಳ್ಳುತ್ತದೆ, ಕಲ್ಲಿನದು ಹಾಗಲ್ಲ. ಕೋಪ ಬಂದುದಕ್ಕಿಂತ ಅದು ಎಷ್ಟು ಕಾಲ ಉಳಿಯಿತು ಎಂಬುದೇ ಇಲ್ಲಿ ಮುಖ್ಯ. ಶ್ವೇತಾಂಬರ ಗ್ರಂಥಗಳಲ್ಲಿ ಈ ಅವಧಿಗಳನ್ನು ಹದಿನೈದು ದಿನ, ನಾಲ್ಕು ತಿಂಗಳು, ಒಂದು ವರ್ಷ, ಜೀವಮಾನ ಎಂದು ಎಣಿಸಲಾಗಿದೆ. ಸಂವತ್ಸರಿಯು ವರ್ಷಕ್ಕೊಮ್ಮೆ ತಪ್ಪದೆ ಬರುವುದರ ಔಚಿತ್ಯವನ್ನು ಈ ಎಣಿಕೆಯಿಂದ ತಿಳಿಯಬಹುದು.

ಜಿನಸೇನನ 'ಆದಿಪುರಾಣ'ದ ಬಾಹುಬಲಿಯ ಪ್ರಸಂಗವೂ ಇಲ್ಲಿ ಗಮನಾರ್ಹ. ಯುದ್ಧದಲ್ಲಿ ಗೆದ್ದೂ ರಾಜ್ಯವನ್ನು ತೊರೆದು ಒಂದು ವರ್ಷ ನಿಂತು ತಪಸ್ಸು ಮಾಡಿದ ಬಾಹುಬಲಿಗೆ, ಅಣ್ಣ ಭರತನಿಗೆ ತನ್ನಿಂದ ನೋವಾಯಿತೆಂಬ ಕೊರಗು ಉಳಿದಿತ್ತು. ಭರತನೇ ಬಂದು ಪೂಜಿಸಿದ ಮೇಲೆ ಅವನಿಗೆ ಕೇವಲಜ್ಞಾನವಾಯಿತು. ಏಕಾಂತದ ತಪಸ್ಸು ಅಷ್ಟು ಉಗ್ರವಾಗಿದ್ದರೂ ಅಣ್ಣನ ಬರವು ಬೇಕಾಯಿತು.

ಹವಾಯಿಯ ಪದ್ಧತಿಯೊಂದಿಗೆ ಹೋಲಿಕೆ

ಭಾವನಾತ್ಮಕ ಉಪಶಮನದ ವಿಧಾನವಾಗಿ ಇಂದು ಹೆಸರಾಗಿರುವ ಹವಾಯಿ ದ್ವೀಪಗಳ ಹೊಒಪೊನೊಪೊನೊ ಮೂಲತಃ ಕುಟುಂಬದ ಕೂಟ. ಮೇರಿ ಕಾವೆನಾ ಪುಕುಯಿ ಮತ್ತು ಸಂಗಡಿಗರ 'ನಾನಾ ಇ ಕೆ ಕುಮು' (1972) ಗ್ರಂಥದ ವಿವರಣೆಯಂತೆ, ಹಿರಿಯರೊಬ್ಬರ ಮುಂದಾಳತ್ವದಲ್ಲಿ ಪ್ರಾರ್ಥನೆಯಾಗಿ, ಜಗಳದ ಸಿಕ್ಕನ್ನು ಒಂದೊಂದೇ ಪದರವಾಗಿ ಬಿಡಿಸಲಾಗುತ್ತದೆ. ಮಾತು ಬಿಸಿಯೇರಿದರೆ ಮೌನ ವಿಧಿಸುತ್ತಾರೆ. ತಪ್ಪಿತಸ್ಥರು ಒಪ್ಪಿಕೊಂಡು ಕ್ಷಮೆ ಕೇಳುವುದು 'ಮಿಹಿ'. ಇಬ್ಬರೂ ಪರಸ್ಪರ ಬಿಡುಗಡೆ ಮಾಡಿಕೊಳ್ಳುವುದು 'ಕಾಲಾ'.

ಮೋರ್ನಾ ಸಿಮೆಯೋನಾ (1913–1992) ಇದನ್ನು ಒಬ್ಬರೇ ಮಾಡಬಹುದಾದ ಸಾಧನೆಯಾಗಿ ಮಾರ್ಪಡಿಸಿದರು. ಆಕೆಯ ಶಿಷ್ಯ ಇಹಾಲೆಯಾಕಲಾ ಹ್ಯೂ ಲೆನ್ ಅವರು ಜೋ ವಿಟಾಲೆಯವರೊಂದಿಗೆ ಬರೆದ 'ಝೀರೋ ಲಿಮಿಟ್ಸ್' (2007) ಪುಸ್ತಕದಿಂದ, ಕ್ಷಮೆ, ಕೃತಜ್ಞತೆ, ಪ್ರೀತಿಗಳ ಕಿರುವಾಕ್ಯಗಳನ್ನು ಮನಸ್ಸಿನಲ್ಲೇ ಪುನರಾವರ್ತಿಸುವ ರೂಪ ಲೋಕಪ್ರಿಯವಾಯಿತು. ಇದರಲ್ಲಿ ನೊಂದ ವ್ಯಕ್ತಿ ಎದುರಿಗಿರಬೇಕಾಗಿಲ್ಲ. ತೀರಿಹೋದವರ ಅಥವಾ ಭೇಟಿಯಾಗುವುದು ಅಪಾಯವಾಗಿರುವವರ ವಿಷಯದಲ್ಲಿ ಇದು ಅನುಕೂಲವೇ. ಆದರೆ ಹಳೆಯ ಕೂಟದಲ್ಲಿದ್ದ ಎದುರಾಳಿಯ ಮಾತು ಇಲ್ಲಿ ಇಲ್ಲವಾಗುತ್ತದೆ.

ಕ್ಷಮಾವಾಣಿಯು ಹಳೆಯ ರೂಪಕ್ಕೆ ಹತ್ತಿರವಾದುದು, ಆದರೂ ಅಲ್ಲಿ ಮಧ್ಯಸ್ಥರಿಲ್ಲ, ಜಗಳದ ವಿಚಾರಣೆಯಿಲ್ಲ. ಎಲ್ಲರಿಗೂ ಒಂದೇ ಮೊಬೈಲ್ ಸಂದೇಶ ಕಳುಹಿಸುವುದು ಈಗ ರೂಢಿಯಾಗಿದೆ. ಮಾತು ಬಿಟ್ಟವರ ಮನೆಯ ಬಾಗಿಲಿಗೆ ಹೋಗಿ ಕೇಳುವುದು ಅದಕ್ಕಿಂತ ಕಠಿಣವಾದ ಆಚರಣೆ.