ವಸ್ತುಗಳ ಇತಿಹಾಸ, ಭಾಗ 4: ನೆಗ್ಗಿದ ಲ್ಯಾಪ್‌ಟಾಪ್

ಹೋದ ವಾರ ಮಸ್ಕಿಯಲ್ಲಿ ಬಸ್ ಇಳಿಯೋವಾಗ ಬ್ಯಾಗ್ ಜಾರಿ ಬಿತ್ತು. ಲ್ಯಾಪ್‌ಟಾಪ್ ಆನ್ ಆಯ್ತು, ಆದ್ರೆ ಮೂಲೆ ನೆಗ್ಗಿ ಮುಚ್ಚಳ ಕೂಡ್ತಿರಲಿಲ್ಲ. ಅಪ್ಪ ಭತ್ತ ಮಾರಿದ ದುಡ್ಡಲ್ಲಿ ಕೊಡಿಸಿದ್ದು. ಮನೇಲಿ ಹೇಳೋಕೆ ಧೈರ್ಯ ಬರಲಿಲ್ಲ.

ಸಿಂಧನೂರಿನ ರಿಪೇರಿ ಅಣ್ಣ ನೋಡಿ, "ಅಲ್ಯೂಮಿನಿಯಂ ಐತಿ ತಮ್ಮಾ. ಪ್ಲಾಸ್ಟಿಕ್ ಇದ್ರ ಒಡೀತಿತ್ತು" ಅಂದ್ರು.

ಈ ಲೋಹದ ಕಥೆ ಗೊತ್ತಾ? 1850ರ ಸುಮಾರಿಗೆ ಇದು ಚಿನ್ನಕ್ಕಿಂತಲೂ ದುಬಾರಿ! ಮಣ್ಣಲ್ಲಿ ಬೇಕಾದಷ್ಟಿತ್ತು, ಬೇರ್ಪಡಿಸೋದೇ ಕಷ್ಟ. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ವಿದ್ಯುತ್ ಹಾಯಿಸಿ ಅದನ್ನು ತೆಗೆಯೋ ದಾರಿ ಕಂಡುಹಿಡಿದ್ರು. ಇಬ್ಬರೂ ಹುಟ್ಟಿದ್ದು 1863ರಲ್ಲಿ; ಅಂದ್ರೆ ಆಗ ನಮಗಿಂತ ಎರಡು-ಮೂರು ವರ್ಷ ದೊಡ್ಡವರಷ್ಟೇ. ತೆಗೆಯೋ ಖರ್ಚು ಇಳೀತು, ಬೆಲೆ ಬಿತ್ತು. ಪಾತ್ರೆ ಬಂತು, ವಿಮಾನ ಬಂತು, ಈಗ ಲ್ಯಾಪ್‌ಟಾಪ್. ಇತ್ತ ನಮ್ಮ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇವತ್ತಿಗೂ ನೆಲದಾಳಕ್ಕೆ ಇಳಿದೇ ಚಿನ್ನ ತೆಗೀತಾರೆ. ಬಿಕಾಂ ಕ್ಲಾಸಲ್ಲಿ ಓದೋ ಉತ್ಪಾದನಾ ವೆಚ್ಚ ಅಂದ್ರೆ ಇದೇ.

ಅಣ್ಣ ಮೊದಲು ಬ್ಯಾಟರಿ, ಸ್ಕ್ರೀನ್, ಬೋರ್ಡ್ ಎಲ್ಲಾ ಬಿಚ್ಚಿಟ್ಟರು. ಬರೀ ಕವಚಕ್ಕೆ ಒಳಗಿಂದ ಮರದ ತುಂಡು ಆನಿಸಿ, ಮೇಲೆ ಬಟ್ಟೆ ಹಾಸಿ, ಕೊಡತಿಯಿಂದ ಮೆತ್ತಗೆ ತಟ್ಟಿದ್ರು. ನೆಗ್ಗಿದ ತಾಮ್ರದ ಕೊಡ ಸರಿ ಮಾಡೋ ಹಳೇ ವಿದ್ಯೆನೇ ಇದು. ಒಂದೇ ಕಡೆ ಜಾಸ್ತಿ ಬಡಿದ್ರೆ ಲೋಹ ಪೆಡಸಾಗಿ ಬಿರುಕು ಬಿಡುತ್ತಂತೆ, ಅದಕ್ಕೇ ಅರ್ಧಕ್ಕೆ ನಿಲ್ಲಿಸಿದ್ರು.

ಮುಚ್ಚಳ ಕೂಡ್ತು. ಗುರುತು ಉಳೀತು. ರಾತ್ರಿ ಅಪ್ಪಗೆ ತೋರಿಸ್ದೆ. ಬೆರಳಾಡಿಸಿ ನೋಡಿ, "ನಮ್ಮನಿ ಕೊಡಾನೂ ಹಿಂಗ ಐತಿ. ನೀರು ಹಿಡಿಯಂಗಿಲ್ಲೇನು?" ಅಂದ್ರು.

ನಿಮ್ಮನೇಲಿ ನೆಗ್ಗಿದ್ರೂ ಬಿಸಾಡದ ವಸ್ತು ಯಾವುದು? ಹೇಳ್ರಿ.