ಅಧ್ಯಕ್ಷರನ್ನು ಆರಿಸುವವರನ್ನು ಆರಿಸುವವರು ಯಾರು?

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ, ನವೆಂಬರ್ ತಿಂಗಳ ಒಂದು ಮಂಗಳವಾರ, ಕೋಟ್ಯಂತರ ಜನ ಅಧ್ಯಕ್ಷರ ಹೆಸರಿಗೆ ಮತ ಹಾಕುತ್ತಾರೆ. ಆದರೆ ಕಾನೂನಿನ ಕಣ್ಣಿಗೆ ಆ ದಿನ ಅವರು ಆರಿಸುವುದು ಅಧ್ಯಕ್ಷರನ್ನಲ್ಲ. ಅಧ್ಯಕ್ಷರನ್ನು ಆರಿಸತಕ್ಕ ಚುನಾಯಕರನ್ನು. ಇಂಥವರು ಒಟ್ಟು 538 ಮಂದಿ. ಅವರಲ್ಲಿ 270 ಮಂದಿಯ ಮತ ಬಿದ್ದವರಿಗೆ ಪದವಿ. ನಮ್ಮ ರಾಷ್ಟ್ರಪತಿಗಳನ್ನೂ ಜನರು ನೇರವಾಗಿ ಆರಿಸುವುದಿಲ್ಲವಲ್ಲ ಎಂದು ವಾಚಕರು ಕೇಳಬಹುದು. ನಿಜ. ಆದರೆ ನಮ್ಮಲ್ಲಿ ಆರಿಸುವವರು ಯಾರೆಂಬುದನ್ನು ಸಂವಿಧಾನವೇ ಹೇಳಿಬಿಟ್ಟಿದೆ. ಅಲ್ಲಿ ಹಾಗಲ್ಲ. 1787ರಲ್ಲಿ ಫಿಲಡೆಲ್ಫಿಯದಲ್ಲಿ ಸೇರಿದ ಹಿರಿಯರು ಈ ಪ್ರಶ್ನೆಯನ್ನು ಎಳೆದಾಡಿ ದಣಿದರು. ಕೊನೆಗೆ, ಪ್ರತಿಯೊಂದು ಸಂಸ್ಥಾನವೂ ತನ್ನ ಶಾಸನಸಭೆ ವಿಧಿಸಿದ ರೀತಿಯಲ್ಲಿ ಚುನಾಯಕರನ್ನು ನೇಮಿಸತಕ್ಕದ್ದೆಂದು ಬರೆದು ಕೈತೊಳೆದುಕೊಂಡರು. ಜನರ ಮತ ಪಡೆಯಬೇಕೆಂಬ ಮಾತು ಆ ವಾಕ್ಯದಲ್ಲಿಲ್ಲ.

ಇದರ ಫಲ ಮೊದಲನೆಯ ಚುನಾವಣೆಯಲ್ಲಿಯೇ ಕಂಡಿತು. 1789ರಲ್ಲಿ ನ್ಯೂಯಾರ್ಕ್ ಶಾಸನಸಭೆಯ ಎರಡು ಮನೆಗಳೂ ನೇಮಕದ ರೀತಿಯನ್ನು ಕುರಿತು ಜಗಳವಾಡಿಕೊಂಡು ಯಾರನ್ನೂ ನೇಮಿಸಲೇ ಇಲ್ಲ. ವಾಷಿಂಗ್ಟನ್ನರು ಪ್ರಮಾಣವಚನ ಸ್ವೀಕರಿಸಿದ್ದು ಅದೇ ನ್ಯೂಯಾರ್ಕ್ ನಗರದಲ್ಲಿ. ಆ ಸಂಸ್ಥಾನದ ಒಂದು ಮತವೂ ಅವರಿಗೆ ಬಂದಿರಲಿಲ್ಲ!

ಮುಂದೆ 1800ರ ಹೊತ್ತಿಗೆ ಪಕ್ಷಗಳು ಬೆಳೆದಿದ್ದವು, ಜಾಣತನವೂ ಬೆಳೆದಿತ್ತು. ವರ್ಜೀನಿಯದವರು ಜಿಲ್ಲಾವಾರು ಆಯ್ಕೆಯನ್ನು ಬಿಟ್ಟು, ಗೆದ್ದ ಪಕ್ಷಕ್ಕೇ ಎಲ್ಲವೂ ಎಂಬ ನಿಯಮ ಮಾಡಿ ತಮ್ಮ 21 ಮತಗಳನ್ನೂ ಜೆಫರ್ಸನ್ನರಿಗೆ ಕಟ್ಟಿಟ್ಟರು. ಮಸಾಚುಸೆಟ್ಸಿನವರೇನು ಕಡಿಮೆಯೆ? ಜನರ ಕೈಯಿಂದ ಆಯ್ಕೆಯನ್ನೇ ಕಿತ್ತು ಶಾಸನಸಭೆಗೆ ಒಪ್ಪಿಸಿ ತಮ್ಮ 16 ಮತಗಳನ್ನು ಆಡಮ್ಸರಿಗೆ ಭದ್ರಪಡಿಸಿದರು.

ಆ ವರ್ಷದ ಕಥೆಯಲ್ಲಿ ನಾನು ಮತ್ತೆ ಮತ್ತೆ ಓದುವ ಭಾಗ ನ್ಯೂಯಾರ್ಕಿನದು. ಅಲ್ಲಿ ಚುನಾಯಕರನ್ನು ನೇಮಿಸುವುದು ಶಾಸನಸಭೆಯ ಕೆಲಸವಾಗಿತ್ತು. ವಸಂತಕಾಲದ ಚುನಾವಣೆಯಲ್ಲಿ ಆ ಸಭೆ ಜೆಫರ್ಸನ್ನರ ಪಕ್ಷದ ವಶವಾಯಿತು. ಹೊಸ ಸಭೆ ಅಧಿಕಾರಕ್ಕೆ ಬರುವ ಮೊದಲೇ, ಎದುರು ಪಕ್ಷದ ಮುಂದಾಳು ಹ್ಯಾಮಿಲ್ಟನ್ನರು ತಮ್ಮದೇ ಪಕ್ಷದ ಗವರ್ನರ್ ಜಾನ್ ಜೇ ಅವರಿಗೊಂದು ಕಾಗದ ಬರೆದರು: ಹಳೆಯ ಸಭೆಯನ್ನು ಕೂಡಲೇ ಕರೆಯಿರಿ, ಆಯ್ಕೆಯನ್ನು ಜಿಲ್ಲೆಗಳ ಜನರಿಗೆ ಬಿಟ್ಟುಕೊಡಿ. ಕೋರಿಕೆ ನೋಡಲು ಎಷ್ಟು ಸುಂದರ! ಜನರಿಗೆ ಮತಾಧಿಕಾರ ಕೊಡಿ ಎಂದಲ್ಲವೆ ಕೇಳಿದ್ದು? ಆದರೆ ಸೋತ ಮೇಲೆ ಹುಟ್ಟಿದ ಪ್ರಜಾಪ್ರೇಮವದು. ಜೇ ಸಭೆ ಕರೆಯಲಿಲ್ಲ. ಪಕ್ಷದ ಪ್ರಯೋಜನಕ್ಕಾಗಿ ಹೂಡಿದ ಈ ಉಪಾಯ ತಮಗೆ ತಕ್ಕುದಲ್ಲ ಎಂಬರ್ಥದ ಒಂದು ಷರಾವನ್ನು ಆ ಕಾಗದದ ಮೇಲೆಯೇ ಬರೆದಿಟ್ಟರು. ನ್ಯೂಯಾರ್ಕಿನ 12 ಮತಗಳೂ ಜೆಫರ್ಸನ್ನರಿಗೆ ಹೋದವು. ಒಟ್ಟು ಲೆಕ್ಕ ಅವರಿಗೆ 73, ಆಡಮ್ಸರಿಗೆ 65. ಆ ಹನ್ನೆರಡರಲ್ಲಿ ಐದು ಈಚೆಗೆ ಸರಿದಿದ್ದರೆ ಆಡಮ್ಸರೇ ಮುಂದಾಗುತ್ತಿದ್ದರು.

ಕ್ರಮೇಣ ಸಂಸ್ಥಾನಗಳು ಒಂದೊಂದಾಗಿ ಜನರಿಗೆ ಮತ ಕೊಟ್ಟವು. ದಕ್ಷಿಣ ಕ್ಯಾರೊಲಿನ ಮಾತ್ರ 1860ರವರೆಗೂ ಬಿಗಿಹಿಡಿದು, ಶಾಸಕರಿಂದಲೇ ನೇಮಕ ನಡೆಸಿತು. 1891ರಲ್ಲಿ ಮಿಷಿಗನ್ ಡೆಮೊಕ್ರಾಟರು ಜಿಲ್ಲಾವಾರು ಪದ್ಧತಿಯನ್ನು ತಂದಾಗ ದೂರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ನೇಮಕದ ರೀತಿ ಶಾಸನಸಭೆಯ ಚಿತ್ತವೆಂದು 1892ರಲ್ಲಿ ತೀರ್ಪಾಯಿತು. ಅದೇ ವರ್ಷ ಅಲ್ಲಿಯ ಹದಿನಾಲ್ಕು ಮತಗಳು ಒಂಬತ್ತು ಐದಾಗಿ ಹಂಚಿಹೋದವು. ಆಮೇಲೆ ಅಧಿಕಾರ ಬದಲಾಯಿತು, ಕಾಯಿದೆಯೂ ರದ್ದಾಯಿತು. 2000ದಲ್ಲಿ ಫ್ಲಾರಿಡದ ಎಣಿಕೆಯ ವ್ಯಾಜ್ಯದಲ್ಲಿ ನ್ಯಾಯಾಲಯ ಈ ಹಳೆಯ ತೀರ್ಪನ್ನು ನೆನೆಯಿತು. ಶಾಸನಸಭೆ ದಯಪಾಲಿಸಿದ ಹೊರತು ಚುನಾಯಕರಿಗೆ ಮತ ಹಾಕುವ ಹಕ್ಕು ಸಂವಿಧಾನದಿಂದ ಪ್ರಜೆಗೆ ಬಂದದ್ದಲ್ಲ ಎಂದು ಹೇಳಿತು. ಇನ್ನೂರು ವರ್ಷ ಮತ ಹಾಕಿದ ಜನಕ್ಕೆ ಇದು ಕಹಿ ಮಾತೇ ಸರಿ.

ಈ ಅಧಿಕಾರಕ್ಕೆ ಒಂದು ಬೇಲಿ ಬಿದ್ದದ್ದು ತೀರ ಈಚೆಗೆ. 2020ರ ಚುನಾವಣೆ ಮುಗಿದ ಮೇಲೆ, ಜನರ ಮತವನ್ನು ಬದಿಗಿರಿಸಿ ಶಾಸನಸಭೆಗಳೇ ಬೇರೆ ಚುನಾಯಕರನ್ನು ನೇಮಿಸಲೆಂಬ ಕೂಗೆದ್ದಿತ್ತು. ಮತದಾನದ ದಿನಕ್ಕೆ ಮುಂಚೆ ಜಾರಿಯಲ್ಲಿದ್ದ ಕಾನೂನಿನಂತೆಯೇ ನೇಮಕ ನಡೆಯಬೇಕೆಂದು 2022ರ ಕೇಂದ್ರ ಕಾಯಿದೆ ಕಟ್ಟುಮಾಡಿತು. ಮತದಾನಕ್ಕೆ ಮುಂಚೆ ಬದಲಿಸಿದರೆ? ಅದಕ್ಕೆ ತಡೆಯಿಲ್ಲ.

ಗೆದ್ದವರಿಗೇ ಎಲ್ಲವೂ ಎಂಬ ನಿಯಮವಿಲ್ಲದ ಸಂಸ್ಥಾನಗಳು ಎರಡೇ, ಮೇನ್ ಮತ್ತು ನೆಬ್ರಾಸ್ಕ. 2024ರ ಸೆಪ್ಟೆಂಬರಿನಲ್ಲಿ ನೆಬ್ರಾಸ್ಕದ ಪದ್ಧತಿಯನ್ನು ಕೈಬಿಟ್ಟು ಐದು ಮತಗಳನ್ನೂ ಒಟ್ಟುಗೂಡಿಸಬೇಕೆಂದು ರಿಪಬ್ಲಿಕನ್ ನಾಯಕರು ಬಹಳ ಒತ್ತಾಯ ತಂದರು. ಒಮಾಹದ ಶಾಸಕ ಮೈಕ್ ಮೆಕ್‌ಡೊನೆಲ್ ಅದೇ ವರ್ಷ ಆ ಪಕ್ಷ ಸೇರಿದವರು. ಚುನಾವಣೆಗೆ ಆರು ವಾರವಿರುವಾಗ ನಿಯಮ ಬದಲಿಸಲು ತಾವು ಒಪ್ಪುವುದಿಲ್ಲವೆಂದರು. ಪ್ರಯತ್ನ ಅಲ್ಲಿಗೆ ನಿಂತಿತು. ನವೆಂಬರಿನಲ್ಲಿ ನೆಬ್ರಾಸ್ಕದ ನಾಲ್ಕು ಮತಗಳು ಟ್ರಂಪರಿಗೆ ಬಿದ್ದವು. ಒಮಾಹ ನಗರವಿರುವ ಜಿಲ್ಲೆಯ ಒಂದು ಮತ ಹ್ಯಾರಿಸರಿಗೆ ಹೋಯಿತು.