ನಮ್ಮೂರ ಕಬ್ಬು, ಅಪ್ಪನ ಕಾರ್ಬೋರೇಟರ್

ಭಾಗ 1

ದೋಸ್ತರ, ಮೊದಲನೇ ಫೋಟೋದಾಗ ಹಳೇ ಪೇಪರ್ ಮ್ಯಾಲೆ ಬಿಚ್ಚಿ ಇಟ್ಟದ್ದು ಅಪ್ಪನ ಗಾಡಿಯ ಕಾರ್ಬೋರೇಟರ್. 100 ಸಿಸಿ ಗಾಡಿ. ಅದು ಮನಿಗೆ ಬಂದದ್ದು 2005ರಾಗ, ನಾನು ಬಂದದ್ದೂ ಅದೇ ವರ್ಷ. ಹೊಲಕ್ಕ, ಚಿಕ್ಕೋಡಿ ದವಾಖಾನಿಗೆ, ನಿಪ್ಪಾಣಿ ಸಂತಿಗೆ, ನನ್ನ ಕಾಲೇಜ್ ಅಡ್ಮಿಶನ್‌ಗೆ, ಎಲ್ಲಾದಕ್ಕೂ ಇದರ ಮ್ಯಾಲೆನ ಹೋಗಿದ್ದು.

ಹೋದ ತಿಂಗಳ ಒಬ್ಬರು ಬಂದು 11 ಸಾವಿರಕ್ಕ ಕೇಳಿದ್ರು. ಅಪ್ಪ ಹೂಂ ಅಂದೇ ಬಿಟ್ಟಿದ್ದ. ಯಾಕಂದ್ರ ಗಾಡಿ ಮುಂಜಾನೆ ಹತ್ತ ಸಲ ಕಿಕ್ ಹೊಡೆದ್ರೂ ಎದ್ದೇಳತಿರ್ಲಿಲ್ಲ, ಎದ್ದರೂ ಸಿಗ್ನಲ್‌ದಾಗ ಬಂದ್ ಬೀಳ್ತಿತ್ತು. "ಇಂಜೆಕ್ಷನ್ ಗಾಡಿ ತಗೊಳ್ಳೂಣು, ಬಟನ್ ಒತ್ತಿದ್ರ ಆತು" ಅಂದ. ನಾ ಅಂದೆ, "ಅಪ್ಪಾ, ಎಂಟ ದಿನ ತಡಿ." ಆ ಎಂಟ ದಿನದಾಗ ಗ್ಯಾರೇಜ್‌ನಾಗ ಕುಂತು, ರಾತ್ರಿ ಓದಿ ತಿಳ್ಕೊಂಡದ್ದನ್ನ ಇಲ್ಲಿ ಬರೀತೇನಿ. ಉದ್ದ ಐತಿ, ಚಾ ತಗೊಂಡು ಕುಂದರ್ರಿ.

ಭಾಗ 2

ಕಾರ್ಬೋರೇಟರ್ ಅಂದ್ರ ಏನು? ಗಾಳಿ ಇಕ್ಕಟ್ಟಾದ ದಾರಿಯಲ್ಲಿ ಹೋಗುವಾಗ ಅದರ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಇಟಲಿಯ ವೆಂಚುರಿ 1797ರಲ್ಲೇ ಇದನ್ನು ಬರೆದಿಟ್ಟಿದ್ದ. ಆ ಇಳಿದ ಒತ್ತಡ ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲನ್ನು ಒಂದು ಸಣ್ಣ ತೂತಿನ ಮೂಲಕ ಮೇಲಕ್ಕೆ ಎಳೆದು ತುಂತುರು ಮಾಡುತ್ತದೆ. ಆ ತೂತೇ ಜೆಟ್. 1893ರಲ್ಲಿ ಹಂಗೇರಿಯ ಬಾಂಕಿ ಮತ್ತು ಚೊಂಕಾ, ಜರ್ಮನಿಯಲ್ಲಿ ಮೇಬ್ಯಾಕ್, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಇಂಥ ತುಂತುರಿನ ಕಾರ್ಬೋರೇಟರ್ ಮಾಡಿದರು. ಅಪ್ಪನ ಗಾಡಿಯಲ್ಲಿ ಇರೋದೂ ಬುಡದಾಗ ಅದೇ ವಿದ್ಯೆ.

ಆದ್ರ ಒಂದು ಮಾತು ನೆನಪಿಟ್ಕೊಳ್ರಿ, ಮುಂದ ಬೇಕಾಗ್ತದ. ಜೆಟ್‌ನ ತೂತು ಎಷ್ಟ ಐತೋ ಅಷ್ಟ. ಬಟ್ಟಲದಾಗ ಏನು ಬಂದು ಬಿದ್ದೈತಿ ಅನ್ನೋದು ಅದಕ್ಕ ಗೊತ್ತಾಗೂದಿಲ್ಲ. ಗೊತ್ತಾಗೋದು ಮಿಸ್ತ್ರಿಯ ಕಿವಿಗೆ. ಸ್ಕ್ರೂಡ್ರೈವರ್‌ಲೆ ಏರ್ ಸ್ಕ್ರೂ ಕಾಲು ಸುತ್ತು ತಿರುವಿ, ಸದ್ದು ಕೇಳಿ, "ಹಾಂ, ಈಗ ಬಂತು" ಅಂತಾನಲ್ಲ, ಅದು.

ಕರ್ನಾಟಕದಾಗ ಈ ವಿದ್ಯೆಗೆ ದೊಡ್ಡ ಶಾಲೆ ಅಂದ್ರ ಮೈಸೂರು. 1960ರಲ್ಲಿ ಅಲ್ಲಿ ಐಡಿಯಲ್ ಜಾವಾ ಕಂಪನಿ ಶುರುವಾಯಿತು. ಮೊದಲು ಜೆಕ್ ಮೂಲದ ಜಾವಾ, 1970ರ ದಶಕದಿಂದ ಯೆಜ್ದಿ ಅನ್ನೋ ಹೆಸರು, 1978ರಿಂದ ರೋಡ್‌ಕಿಂಗ್. 250 ಸಿಸಿ, ಟೂ ಸ್ಟ್ರೋಕ್, ಪೆಟ್ರೋಲಿಗೆ ಆಯಿಲ್ ಕೂಡಿಸಿ ಹಾಕಬೇಕು. (ಕಿಕ್ ಹೊಡೆಯೋ ಪೆಡಲ್ಲೇ ಮುಂದಕ್ಕ ಮಡಚಿದ್ರ ಗೇರ್ ಲಿವರ್ ಆಗ್ತದ. ನಮ್ಮ ಕಾಕಾನದು ಒಂದು ಇನ್ನೂ ದನದ ಶೆಡ್ಡಿನ್ಯಾಗ ನಿಂತೈತಿ, ನಾ ಗೇರ್ ಹುಡುಕಿ ಹುಡುಕಿ ಸುಸ್ತಾಗಿದ್ದೆ.) ಟೂ ಸ್ಟ್ರೋಕ್ ಎಂಜಿನ್‌ದಾಗ ಸುಡದೇ ಇದ್ದ ಪೆಟ್ರೋಲು ಸೈಲೆನ್ಸರ್‌ದಿಂದ ಹಂಗ ಹೊರಗ ಹೋಗ್ತದ. 1996ರಲ್ಲಿ ದೇಶದಲ್ಲಿ ಹೊಗೆಯ ನಿಯಮ ಬಿಗಿ ಆಯಿತು. ಮೈಸೂರಿನ ಕಾರ್ಖಾನೆ ಮುಚ್ಚಿದ್ದೂ, ಆರ್‌ಎಕ್ಸ್ 100 ನಿಂತದ್ದೂ ಅದೇ ವರ್ಷ. ಹೊಗಿ ಒಂದೇ ಕಾರಣ ಅಲ್ಲ. ಅವರೇಜ್ ಹೆಚ್ಚು ಕೊಡೋ ಫೋರ್ ಸ್ಟ್ರೋಕ್ ಗಾಡಿಗಳು ಆಗಲೇ ಮನಿ ಮನಿಗೆ ಬಂದಿದ್ವು. ಆದ್ರ ಅವುಗಳಲ್ಲೂ ಇದ್ದದ್ದು ಕಾರ್ಬೋರೇಟರೇ.

ಭಾಗ 3

ನನಗ ಎಲ್ಲಾಕಿಂತ ಮಜಾ ಅನ್ನಿಸಿದ ಭಾಗ ಇದು. ನಾವು ಅಂದ್ಕೊಂಡಿರ್ತೀವಿ, ಹೊಸಾದು ಬಂತು, ಹಳೇದು ಸೋತು ಹೋತು ಅಂತ. ಹಂಗ ಆಗಲೇ ಇಲ್ಲ.

ಮಾರಾಟದ ಬೈಕಿಗೆ ಫ್ಯುಯೆಲ್ ಇಂಜೆಕ್ಷನ್ ಹಾಕಿದ್ದು 1980ರಲ್ಲಿ ಕವಾಸಾಕಿ, ಅದೂ 1000 ಸಿಸಿ ಗಾಡಿಗೆ. ನಮ್ಮ ದೇಶದ ಬೈಕಿಗೆ ಅದು ಬಂದದ್ದು 2006ರಲ್ಲಿ, ಹೀರೋ ಹೋಂಡಾ ಗ್ಲಾಮರ್ ಎಫ್‌ಐ. 125 ಸಿಸಿ ಅಷ್ಟ. ಮರುವರ್ಷ ಬಜಾಜ್ ಪಲ್ಸರ್ 220 ಡಿಟಿಎಸ್-ಎಫ್‌ಐ. ಟ್ಯಾಂಕಿನೊಳಗ ಪಂಪು, ಸೆನ್ಸರ್‌ಗಳು, ಒಂದು ಸಣ್ಣ ಕಂಪ್ಯೂಟರ್. ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕು ಅಂತ ಅದೇ ಲೆಕ್ಕ ಹಾಕ್ತದ.

ಆಮೇಲೆ? 2009ರಲ್ಲಿ ಬಜಾಜ್ ಅದೇ 220ಕ್ಕೆ ಇಂಜೆಕ್ಷನ್ ತೆಗೆದು ಮತ್ತೆ ಕಾರ್ಬೋರೇಟರ್ ಹಾಕಿತು! ಬೆಲೆ ಇಳೀತು, ಪವರ್ ಇಳೀಲಿಲ್ಲ, ಸ್ವಲ್ಪ ಏರಿತು. ಆ ಗಾಡಿ ಹೆಂಗ ಓಡಿತು ಅನ್ನೋದು ನಿಮ್ಮ ಅಣ್ಣಂದಿರನ್ನ ಕೇಳ್ರಿ. ಕಾಸ್ಟ್ ಅಕೌಂಟಿಂಗ್ ಓದೋರಿಗೆ ಇದು ತಟ್ಟನೆ ತಿಳೀತದ. ಗಿರಾಕಿಗೆ ಕಾಣದ ಭಾಗಕ್ಕ ಅಂವಾ ರೊಕ್ಕ ಕೊಡೂದಿಲ್ಲ. ಮತ್ತ ನಮ್ಮಂಥ ಊರಾಗ ರಿಪೇರಿಗೆ ಸ್ಕ್ಯಾನರ್ ಯಾರ ಹತ್ರ ಇತ್ತು? ಸ್ಕ್ರೂಡ್ರೈವರ್ ಎಲ್ಲಾರ ಹತ್ರನೂ ಇತ್ತು. ಅಂದ್ರ ಬಜಾರದಾಗ ಮೊದಲನೇ ಸುತ್ತು ಗೆದ್ದದ್ದು ಕಾರ್ಬೋರೇಟರ್.

ಭಾಗ 4

ಎರಡನೇ ಸುತ್ತು ಬಜಾರದಾಗ ನಡೀಲೇ ಇಲ್ಲ. 2018ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟ್ ಹೇಳಿತು: 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-4 ಗಾಡಿ ಮಾರುವಂತಿಲ್ಲ, ನೋಂದಣಿ ಮಾಡುವಂತಿಲ್ಲ. ಬಿಎಸ್-6ಕ್ಕೆ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಬೇಕು. ಅದಕ್ಕೆ ಒಂದು ಭಾಗ ಪೆಟ್ರೋಲಿಗೆ ಸುಮಾರು 14.7 ಭಾಗ ಗಾಳಿ, ತೂಕದಲ್ಲಿ, ಬಿಡದೆ ಸಿಗಬೇಕು. ಗಟ್ಟಿ ತೂತಿನ ಜೆಟ್ ಇದನ್ನು ಚಳಿ, ಬಿಸಿಲು, ಏರು, ಇಳಿಜಾರು ಎಲ್ಲಾ ಕಡೆ ಹಿಡಿದಿಡೋದು ಕಷ್ಟ. ಹಿಂಗಾಗಿ ಸ್ಪ್ಲೆಂಡರ್, ಕ್ಲಾಸಿಕ್ 350 ಎಲ್ಲಾ ಇಂಜೆಕ್ಷನ್‌ಗೆ ಹೋದ್ವು.

ಇಂಜೆಕ್ಷನ್ ಒಳ್ಳೇದೇ, ನಾ ಅದರ ವೈರಿ ಅಲ್ಲ. ಆದ್ರ 2021ರ ಜುಲೈ ನೆನಪೈತಿ? ನಮ್ಮ ಎಸೆಸೆಲ್ಸಿ ಪರೀಕ್ಷಾ 19ಕ್ಕ ಒಂದು, 22ಕ್ಕ ಒಂದು. ಆ ವಾರನ ದೂಧಗಂಗಾ ಏರಿದ್ದು. ಅಪ್ಪನ ಗಾಡಿ ಟ್ಯಾಂಕಿನ ತನಕ ನೀರಾಗ ನಿಂತಿತ್ತು. ನೀರು ಇಳಿದ ಮ್ಯಾಲೆ ಗ್ಯಾರೇಜ್ ಮಾಮಾ ಟ್ಯಾಂಕ್ ಖಾಲಿ ಮಾಡಿದ, ಕಾರ್ಬೋರೇಟರ್ ಬಿಚ್ಚಿ ಒರೆಸಿದ, ಪ್ಲಗ್ ಒಣಗಿಸಿದ, ಎಂಜಿನ್ ಆಯಿಲ್ ಬದಲಿ ಮಾಡಿದ. ಸಂಜಿಗೆ ಗಾಡಿ ಚಾಲೂ. ನಮ್ಮ ಎದುರು ಮನಿಯವರ ಹೊಸಾ ಇಂಜೆಕ್ಷನ್ ಗಾಡಿ ಮೂರು ವಾರ ಟಾರ್ಪಲ್ ಹೊದ್ದು ನಿಂತಿತ್ತು. ಇಸಿಯು ಹೋಗಿತ್ತು. ಬಿಲ್ ಎಷ್ಟಂತ ಅವರು ಇವತ್ತಿಗೂ ಹೇಳಿಲ್ಲ.

ಭಾಗ 5

ಹಂಗಾದ್ರ ಪೂರದಾಗ ಬದುಕಿದ ಗಾಡಿ ಈಗ ಯಾಕ ಕೆಮ್ಮತಿತ್ತು? ಮಾಮಾ ಬಟ್ಟಲ ಬಿಚ್ಚಿ ತೋರಿಸಿದ: ತಳದಾಗ ಬಿಳಿ ಪುಡಿಯಂಥ ಮಡ್ಡಿ, ರಬ್ಬರ್ ಪೈಪ್ ಉಬ್ಬಿ ಮೆತ್ತಗಾಗಿತ್ತು. "ಏ ತಮ್ಮಾ, ಇದು ನಿಮ್ಮ ಕಬ್ಬಿನ ಕೆಲಸ" ಅಂದು ನಕ್ಕ.

ಚ್ಯಾಷ್ಟಿ ಅಂದ್ಕೊಂಡೆ. ಅಲ್ಲ. ನಮ್ಮ ಸುತ್ತಲಿನ ಕಬ್ಬು ಕಾರ್ಖಾನಿಗೆ ಹೋಗ್ತದ, ಸಕ್ಕರಿ ಜೋಡಿ ಎಥನಾಲೂ ಬರ್ತದ. ಪೆಟ್ರೋಲಿಗೆ ಎಥನಾಲ್ ಬೆರೆಸೋದು 2003ರಲ್ಲೇ 5%ನಿಂದ ಶುರುವಾಗಿತ್ತು. 20% ಬೆರೆಸಿದ ಇ20 ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ್ದು 2023ರ ಫೆಬ್ರವರಿ 6ಕ್ಕೆ, ನಮ್ಮ ಬೆಂಗಳೂರಲ್ಲೇ. ಈಗ ಬಂಕಿನಲ್ಲಿ ಸಿಗೋದು ಅದೇ. (ಎಲ್ಲಾ ಕಬ್ಬಿಂದಲ್ಲ ಮತ್ತ, ಗೋಂಜಾಳ, ಅಕ್ಕಿಯಿಂದಲೂ ಮಾಡ್ತಾರ.)

ಎಥನಾಲ್‌ನೊಳಗ ಆಮ್ಲಜನಕ ಮೊದಲೇ ಇರ್ತದ, ಆದ್ದರಿಂದ ಅದು ಸುಡಲು ಕಡಿಮೆ ಗಾಳಿ ಸಾಕು. ಬರೀ ಪೆಟ್ರೋಲಿಗೆ 14.7 ಬೇಕಿದ್ದದ್ದು ಇ20ಗೆ ಸುಮಾರು 13.5ಕ್ಕೆ ಇಳೀತದ. ಅಂದ್ರ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಆಕ್ಸಿಜನ್ ಸೆನ್ಸರ್ ಇರೋ ಇಂಜೆಕ್ಷನ್ ಗಾಡಿ ಹೊಗಿ ನೋಡಿ ತಾನೇ ಇಂಜೆಕ್ಟರನ್ನ ಸ್ವಲ್ಪ ಹೆಚ್ಚು ಹೊತ್ತು ತೆರೀತದ. ಕಾರ್ಬೋರೇಟರ್? ಭಾಗ 2ರ ಮಾತು ನೆನಪು ಮಾಡ್ಕೊಳ್ರಿ. ತೂತು ಎಷ್ಟ ಐತೋ ಅಷ್ಟ. ಅದಕ್ಕ ಗಾಡಿ ಉಪವಾಸ ಓಡ್ತದ, ತಣ್ಣಗಿದ್ದಾಗ ಏಳೂದಿಲ್ಲ. ಮ್ಯಾಲೆ ಎಥನಾಲ್ ಗಾಳಿಯಾಗಿನ ತೇವ ಎಳ್ಕೊಳ್ತದ, ಹಳೇ ರಬ್ಬರ್ ತಿಂತದ. ಹಳೇ ದ್ವಿಚಕ್ರ ವಾಹನಗಳ ಅವರೇಜ್ ಇ20ರಿಂದ 3–4% ಇಳೀಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಹೇಳೈತಿ.

ಎಲ್ಲಾ ತಪ್ಪು ಎಥನಾಲ್‌ದ್ದು ಅನ್ನಾಕ ನಾ ತಯಾರಿಲ್ಲ. 20 ವರ್ಷದ ಗಾಡಿ, ಅಪ್ಪ ಏರ್ ಫಿಲ್ಟರ್ ಯಾವಾಗ ಬದಲಿ ಮಾಡಿದ್ದ ಅಂತ ಅಪ್ಪಗೂ ಗೊತ್ತಿಲ್ಲ. ಮತ್ತ ಎಥನಾಲ್ ಮಾರಿದ ರೊಕ್ಕದಿಂದ ಕಾರ್ಖಾನಿ ಕೈಯಾಗ ನಗದು ಆಡ್ತದ, ಅದು ನಮ್ಮ ಕಬ್ಬಿನ ಬಿಲ್ಲಿಗೂ ಸಂಬಂಧ ಪಟ್ಟದ್ದ. ಅಪ್ಪ ಒಂದು ಕೈಲೆ ಕಬ್ಬು ಕಳಿಸ್ತಾನ, ಇನ್ನೊಂದು ಕೈಲೆ ಚೋಕ್ ಎಳೀತಾನ.

ಭಾಗ 6

ಕಡೀ ಫೋಟೋ ಬಿಲ್ಲಿಂದು. ಪೆಟ್ರೋಲ್ ಪೈಪ್, ಫ್ಲೋಟ್ ಬಟ್ಟಲದ ಗ್ಯಾಸ್ಕೆಟ್, ಹೊಸಾ ನೀಡಲ್, ಏರ್ ಫಿಲ್ಟರ್, ಒಂದು ನಂಬರ್ ದೊಡ್ಡ ಮೇನ್ ಜೆಟ್, ಮಾಮಾನ ಕೂಲಿ: ಕೂಡಿ 870 ರೂಪಾಯಿ. ನಾಕು ದಿನ ಗಾಡಿ ನಿಲ್ಲಿಸೋದಿದ್ರ ಪೆಟ್ರೋಲ್ ಕಾಕ್ ಬಂದ್ ಮಾಡಿ, ಎಂಜಿನ್ ತಾನೇ ಬಂದ್ ಬೀಳೋ ತನಕ ಬಿಡು, ಬಟ್ಟಲ ಖಾಲಿ ಆಗ್ಲಿ ಅಂತ ಮಾಮಾ ಹೇಳ್ಯಾನ. ನಿಮ್ಮನ್ಯಾಗೂ ಕಾರ್ಬೋರೇಟರ್ ಗಾಡಿ ಇದ್ರ ಇದೊಂದು ಮಾಡ್ರಿ.

ನಿನ್ನೆ ಮುಂಜಾನೆ ಚೋಕ್ ಎಳೆದು ಎರಡನೇ ಕಿಕ್‌ಗೆ ಎದ್ದಿತು. 11 ಸಾವಿರದವರು ಮತ್ತ ಫೋನ್ ಮಾಡಿದ್ರು. ಅಪ್ಪ ನನ್ನ ಕಡೆ ನೋಡಿ, "ದೀಪಾವಳಿ ಆದ ಮ್ಯಾಲೆ ನೋಡೂಣ್ರಿ" ಅಂತ ಅಂದು ಫೋನ್ ಇಟ್ಟ.